ಹಸಿವು ಯಾವುದು, ಹಂಬಲ ಯಾವುದು?

(ಕನ್ನಡ ಮಾಧ್ಯಮ ಅಧ್ಯಾಪಕರ ರಜಾಕಾಲದ ತರಬೇತಿ ಶಿಬಿರದಲ್ಲಿ ನಿವೃತ್ತ ಅಧ್ಯಾಪಿಕೆಯೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ಶಿಬಿರದಲ್ಲಿ ತಾವು ಪಾಠಯೋಜನೆ, ಮೌಲ್ಯಮಾಪನ, ಭಾಷಾ ಚಟುವಟಿಕೆ ಮುಂತಾದ ವಿಷಯಗಳನ್ನು ಕುರಿತು ಸಾಕಷ್ಟು ಚಿಂತನೆ ನಡೆಸಿದ್ದೀರಿ. ಅವುಗಳ ನಡುವೆ ತಿನ್ನುವ ವಿಷಯಕ್ಕೆ ಒಂದು ಗಂಟೆಯನ್ನು ಏಕೆ ಮೀಸಲಿಟ್ಟರು ಎಂದು ಕೆಲವರಿಗಾದರೂ ಅನಿಸಿರಬಹುದು. ಊಟದ ಬಿಡುವಿಗೆ ಇನ್ನೇನು ಸ್ವಲ್ಪವೇ ಹೊತ್ತು ಉಳಿದಿರುವಾಗ ಈ ವಿಷಯವನ್ನು ನನಗೆ ಕೊಟ್ಟಿರುವುದು ಸಂಘಟಕರ ವಿನೋದಪ್ರಿಯತೆಗೆ ಸಾಕ್ಷಿ. ಆದರೂ ಇದು ನಮ್ಮ ವೃತ್ತಿಗೆ ಹೊರತಾದ ವಿಷಯವಲ್ಲ. ಪ್ರತಿದಿನ ಮಧ್ಯಾಹ್ನ ನೂರಾರು ಮಕ್ಕಳ ಊಟಕ್ಕೆ ನಾವು ಸಾಕ್ಷಿಗಳಾಗುತ್ತೇವೆ. ಅವರಿಗೆ ಬಡಿಸಿ, ಅವರು ಉಂಡರೋ ಇಲ್ಲವೋ ಎಂದು ನೋಡಿ, ನಮ್ಮ ಊಟವನ್ನು ಗಂಟೆ ಬಾರಿಸುವ ಮೊದಲಿನ ಐದು ನಿಮಿಷಗಳಲ್ಲಿ ಮುಗಿಸುತ್ತೇವೆ. ನಾನು ಮೂವತ್ತು ವರ್ಷ ಹಾಗೆಯೇ ಉಂಡವಳು. ಆದುದರಿಂದ ಉಪದೇಶಕ್ಕಿಂತ ಅನುಭವವನ್ನೇ ಮೊದಲು ಹೇಳುತ್ತೇನೆ.

ಎರಡು ತಪ್ಪು ತಿಳಿವಳಿಕೆಗಳು

ಕಾಸರಗೋಡು ಜಿಲ್ಲೆಯ ಒಳನಾಡಿನ ಒಂದು ಶಾಲೆಯಲ್ಲಿ ನಾನು ಐದನೆಯ ತರಗತಿಯ ಅಧ್ಯಾಪಿಕೆಯಾಗಿದ್ದಾಗ ನಡೆದುದಿದು. ಮಧ್ಯಾಹ್ನದ ಊಟದ ಹೊಣೆಯೂ ಆ ವರ್ಷ ನನ್ನದೇ ಆಗಿತ್ತು. ಒಬ್ಬ ಹುಡುಗ ಗಂಟೆ ಬಾರಿಸಿದೊಡನೆ ಎಲ್ಲರನ್ನೂ ತಳ್ಳಿಕೊಂಡು ಸಾಲಿನ ತುದಿಗೆ ಬಂದು ನಿಲ್ಲುತ್ತಿದ್ದ. ಗಬಗಬನೆ ಉಂಡು, ಉಳಿದವರಿಗೆ ಒಂದು ಸಲ ಬಡಿಸಿ ಮುಗಿಯುವಷ್ಟರಲ್ಲಿ ಮೂರನೆಯ ಸಲ ಬಟ್ಟಲು ಹಿಡಿದು ಬರುತ್ತಿದ್ದ. ಒಂದು ದಿನ ನನಗೆ ಸಿಟ್ಟು ಬಂತು. ಎಲ್ಲ ಮಕ್ಕಳ ಎದುರಿಗೆ, "ಏನೋ ಇದು, ಹೊಟ್ಟೆಬಾಕನ ಹಾಗೆ! ನಾಲಗೆಗೆ ಸ್ವಲ್ಪ ಕಡಿವಾಣ ಇರಬೇಡವೇ?" ಎಂದುಬಿಟ್ಟೆ. ಮಕ್ಕಳು ನಕ್ಕರು. ಹುಡುಗ ಬಟ್ಟಲನ್ನು ತೊಳೆದಿಟ್ಟು ಹೋದ. ಮರುದಿನದಿಂದ ಅವನು ಎರಡನೆಯ ಸಲವೂ ಬಡಿಸಿಕೊಳ್ಳಲು ಬರಲಿಲ್ಲ. ಶಿಸ್ತು ಕಲಿತ ಎಂದು ನಾನು ಭಾವಿಸಿದೆ.

ಆ ವಾರದ ಕೊನೆಗೆ ಅಡುಗೆಯಕ್ಕ ಪಾತ್ರೆ ತೊಳೆಯುತ್ತ ನನ್ನೊಡನೆ ಮೆಲ್ಲಗೆ ಹೇಳಿದರು: "ಟೀಚರೇ, ಆ ಹುಡುಗ ಸೋಮವಾರ ಮಾತ್ರ ಹಾಗೆ ಉಣ್ಣುವುದು. ಶನಿವಾರ, ಆದಿತ್ಯವಾರ ಶಾಲೆ ಇಲ್ಲವಲ್ಲ."

ಅಷ್ಟೇ ಅವರ ಮಾತು. ಅದರ ಅರ್ಥ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಅವನನ್ನು ಬೈದದ್ದು ಒಂದು ಸೋಮವಾರ. ದಿನವೂ ಅವನನ್ನು ಕಾಣುತ್ತಿದ್ದ ನಾನು ವಾರದ ಒಂದು ದಿನಕ್ಕೂ ಉಳಿದ ದಿನಗಳಿಗೂ ಇದ್ದ ವ್ಯತ್ಯಾಸವನ್ನು ಗಮನಿಸಿರಲಿಲ್ಲ. ಸೌಟು ಹಿಡಿದಿದ್ದ ಆ ತಾಯಿ ಗಮನಿಸಿದ್ದರು.

ಅಂದು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಎಂದಿನಂತೆ ಬೇಕರಿಯಿಂದ ಕೊಂಡ ನೇಂದ್ರಬಾಳೆಯ ಚಿಪ್ಸಿನ ಪೊಟ್ಟಣ ನನ್ನ ಕೈಯಲ್ಲಿತ್ತು. ನನ್ನ ಮಕ್ಕಳು ಓದಿಗೆಂದು ದೂರದ ಊರುಗಳಿಗೆ ಹೋದ ಮೇಲೆ ಅದು ನನಗೆ ನಿತ್ಯದ ಅಭ್ಯಾಸವಾಗಿತ್ತು. ಇಳಿಯುವ ತಾಣ ಬಂದಾಗ ನೋಡುತ್ತೇನೆ, ಪೊಟ್ಟಣ ಬರಿದಾಗಿದೆ. ಒಂದು ತುಂಡಿನ ರುಚಿಯೂ ನೆನಪಿನಲ್ಲಿ ಇಲ್ಲ. ಅಂದು ನನಗೆ ಹಸಿವಾಗಿರಲಿಲ್ಲ, ನಾಚಿಕೆಯಾಗಿತ್ತು. ನಾಚಿಕೆಯನ್ನು ಎದುರಿಸಲಾರದೆ ತಿಂದಿದ್ದೆ. ಆ ಹುಡುಗನ ಹಸಿವನ್ನು ನಾನು ಬಾಯಿಚಪಲವೆಂದು ತಿಳಿದಿದ್ದೆ. ನನ್ನ ಬಾಯಿಚಪಲವನ್ನು ಹಸಿವೆಂದು ತಿಳಿದಿದ್ದೆ. ಈ ಎರಡು ತಪ್ಪುಗಳ ಬೇರು ಒಂದೇ: ಗಮನವಿಲ್ಲದಿರುವುದು. ಇಂದಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ದೇಹದ ಹಸಿವು, ಮನಸ್ಸಿನ ಹಂಬಲ

ಹಸಿವು ದೇಹದ ಕರೆ. ಹೊಟ್ಟೆ ಬರಿದಾದಾಗ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇದನ್ನು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು 1999ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1994ರಲ್ಲಿ, ದೇಹದ ಕೊಬ್ಬಿನಿಂದ ಹೊರಟು "ಸಂಗ್ರಹ ಸಾಕಷ್ಟಿದೆ" ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಇನ್ನೊಂದು ಹಾರ್ಮೋನು ಪತ್ತೆಯಾಗಿತ್ತು. ಹೀಗೆ ಹಸಿವಿಗೂ ತೃಪ್ತಿಗೂ ದೇಹದಲ್ಲಿ ತಮ್ಮದೇ ಆದ ದೂತರಿದ್ದಾರೆ. ಆದರೆ ತೃಪ್ತಿಯ ಸುದ್ದಿ ಮಿದುಳನ್ನು ತಲುಪಲು ಸುಮಾರು ಇಪ್ಪತ್ತು ನಿಮಿಷಗಳು ಬೇಕಾಗುತ್ತವೆ. ಐದು ನಿಮಿಷಗಳಲ್ಲಿ ಊಟ ಮುಗಿಸುವ ಅಧ್ಯಾಪಕರು ಆ ಸುದ್ದಿ ಬರುವ ಮೊದಲೇ ಎದ್ದು ಕೈತೊಳೆದಿರುತ್ತಾರೆ.

ಹಂಬಲದ ದಾರಿ ಬೇರೆ. ಅದು ನೆನಪಿನಿಂದ, ವಾಸನೆಯಿಂದ, ಗಡಿಯಾರದ ಮುಳ್ಳಿನಿಂದ, ಮನಸ್ಸಿನ ಕಸಿವಿಸಿಯಿಂದ ಹುಟ್ಟುತ್ತದೆ. ರಷ್ಯದ ಪಾವ್ಲೋವ್ ಅವರ ನಾಯಿಗಳು ಆಹಾರವನ್ನು ಕಾಣುವ ಮೊದಲೇ, ಆಹಾರದೊಡನೆ ಜೊತೆಗೂಡಿದ ಸಂಕೇತಕ್ಕೆ ಜೊಲ್ಲು ಸುರಿಸಿದ ಸಂಗತಿಯನ್ನು ನಾವು ಶಿಕ್ಷಣ ಮನೋವಿಜ್ಞಾನದ ಪರೀಕ್ಷೆಗೆ ಓದಿದ್ದೇವೆ. ನಾಲ್ಕು ಗಂಟೆಯ ಬೆಲ್ಲು ಬಾರಿಸಿದಾಗ ಕಾಲು ತಾನಾಗಿ ಗೋಳಿಬಜೆಯ ಅಂಗಡಿಯ ಕಡೆಗೆ ತಿರುಗುವುದಾದರೆ ನಾವೂ ಆ ಪಾಠದ ಉದಾಹರಣೆಗಳೇ.

ಇವೆರಡನ್ನು ಬೇರ್ಪಡಿಸಿ ತಿಳಿಯಲು ಕೆಲವು ಗುರುತುಗಳಿವೆ. ಹಸಿವು ಮೆಲ್ಲಮೆಲ್ಲನೆ ಏರುತ್ತದೆ; ಹಂಬಲ ಸಾಮಾನ್ಯವಾಗಿ ಥಟ್ಟನೆ ಬರುತ್ತದೆ. ಹಸಿದವರಿಗೆ ಗಂಜಿಯೂ ಸೊಗಸು. ಹಂಬಲಕ್ಕೆ ಇಂಥದೇ ವಸ್ತು, ಇಂಥದೇ ರುಚಿ ಬೇಕು. ಹಸಿವು ಹೊಟ್ಟೆಯಲ್ಲಿ ತಿಳಿಯುತ್ತದೆ. ಹಂಬಲ ಬಾಯಲ್ಲಿಯೂ ಮನಸ್ಸಿನಲ್ಲಿಯೂ ತಿಳಿಯುತ್ತದೆ. ಹಸಿವು ಉಂಡರೆ ತಣಿಯುತ್ತದೆ. ಹಂಬಲ ತಿಂದ ಮೇಲೂ ಉಳಿಯುತ್ತದೆ, ಜೊತೆಗೆ ಪಶ್ಚಾತ್ತಾಪವನ್ನೂ ತರುತ್ತದೆ. ಎರಡೂ ಬೆರೆತು ಬರುವ ಸಮಯಗಳೂ ಇವೆ ಎಂಬುದನ್ನು ಮರೆಯಬಾರದು.

ಬೆರೆತು ಬರುವುದು ಹೇಗೆಂಬುದನ್ನು ಒಂದು ಪ್ರಸಿದ್ಧ ಪ್ರಯೋಗ ತೋರಿಸಿಕೊಟ್ಟಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಸುಮಾರು ಆರು ತಿಂಗಳ ಕಾಲ ಅರೆಹೊಟ್ಟೆಯ ಆಹಾರವನ್ನಷ್ಟೇ ಕೊಟ್ಟರು. ಯುದ್ಧದಿಂದ ಹಸಿದ ಜನರಿಗೆ ಮರಳಿ ಆಹಾರ ನೀಡುವ ಕ್ರಮವನ್ನು ತಿಳಿಯುವುದು ಅವರ ಉದ್ದೇಶವಾಗಿತ್ತು. ಆ ಯುವಕರ ಮನಸ್ಸು ಆಹಾರವೊಂದನ್ನೇ ಸುತ್ತತೊಡಗಿತು. ಎಂದೂ ಅಡುಗೆಮನೆಗೆ ಕಾಲಿಡದವರು ಪಾಕಪುಸ್ತಕಗಳನ್ನು ಕೂಡಿಡತೊಡಗಿದರು. ಪ್ರಯೋಗ ಮುಗಿದ ಬಳಿಕ ಹಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಅವರು ಮನೋಬಲವಿಲ್ಲದವರಲ್ಲ, ದೇಹವನ್ನು ಬಹುಕಾಲ ಕಾಯಿಸಿದರೆ ಮನಸ್ಸು ಹಾಗೆಯೇ ವರ್ತಿಸುತ್ತದೆ.

ನಮ್ಮ ದಿನಚರಿಯನ್ನು ಇದರ ಬೆಳಕಿನಲ್ಲಿ ನೋಡೋಣ. ಮನೆಮಂದಿಗೆಲ್ಲ ತಿಂಡಿ ಮಾಡಿಟ್ಟು, ತಾನು ಒಂದು ಲೋಟ ಚಹಾ ಕುಡಿದು ಬಸ್ಸು ಹಿಡಿಯುವ ಅಧ್ಯಾಪಿಕೆ, ಮಧ್ಯಾಹ್ನ ಅರ್ಧ ಉಂಡು, ಸಂಜೆ ಐದು ಗಂಟೆಗೆ ಕೈಗೆ ಸಿಕ್ಕಿದುದನ್ನೆಲ್ಲ ತಿಂದರೆ, "ನನಗೆ ಬಾಯಿ ಕಟ್ಟುವುದಕ್ಕೆ ಬರುವುದಿಲ್ಲ" ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ವಾಸ್ತವದಲ್ಲಿ ಬೆಳಗಿನಿಂದ ಕಟ್ಟಿದ್ದ ಬಾಯಿಯೇ ಸಂಜೆ ಬಿಚ್ಚಿಕೊಂಡಿರುತ್ತದೆ. ಅವಳಿಗೆ ಬೇಕಾದ ಮೊದಲ ಮದ್ದು ಬೆಳಗಿನ ಎರಡು ದೋಸೆ.

ನಿದ್ರೆಯೂ ಇದರಲ್ಲಿ ಪಾಲುದಾರ. ಚಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಮಂದಿ ಯುವಕರಿಗೆ ಎರಡು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಅವಕಾಶ ಕೊಟ್ಟರು. ಅವರಲ್ಲಿ ಹಸಿವಿನ ಗ್ರೆಲಿನ್ ಶೇ. 28ರಷ್ಟು ಏರಿತ್ತು, ತೃಪ್ತಿಯ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ಸಿಹಿ, ಉಪ್ಪು, ಪಿಷ್ಟ ಹೆಚ್ಚಿರುವ ತಿನಿಸುಗಳ ಮೇಲಿನ ಆಸೆಯೂ ಏರಿತ್ತು. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ನಡುರಾತ್ರಿಯವರೆಗೆ ಎಚ್ಚರವಾಗಿರುವವರ ಪಕ್ಕದಲ್ಲಿ ಮಿಕ್ಸ್‌ಚರ್ ಡಬ್ಬಿ ಏಕಿರುತ್ತದೆ ಎಂಬುದಕ್ಕೆ ಇದೊಂದು ಉತ್ತರ.

ಇದನ್ನು ಹಗುರವಾಗಿ ಕಾಣುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಂತೆ, ಇಪ್ಪತ್ತು ವರ್ಷ ಮೀರಿದವರಲ್ಲಿ ಮಧುಮೇಹಿಗಳ ಪ್ರಮಾಣ ದೇಶದಲ್ಲಿ ಶೇ. 11.4, ಕೇರಳದಲ್ಲಿ ಶೇ. 25.5. ಅಂದರೆ ನಾಲ್ವರಲ್ಲಿ ಒಬ್ಬರು. ಗೋವೆಯಲ್ಲಿ ಇದಕ್ಕಿಂತಲೂ ಸ್ವಲ್ಪ ಹೆಚ್ಚು. ಇದಕ್ಕೆ ಕಾರಣಗಳು ಹಲವು. ವಂಶವಾಹಿ, ವಯಸ್ಸು, ದೈಹಿಕ ಶ್ರಮದ ಕೊರತೆ ಎಲ್ಲವೂ ಸೇರುತ್ತವೆ. ನಾನೂ ಆ ನಾಲ್ವರಲ್ಲಿ ಒಬ್ಬಳು. ಸಂಜೆಯ ಪೊಟ್ಟಣಗಳಿಗೂ ಅದರಲ್ಲಿ ಪಾಲಿದೆ ಎಂದು ನಾನು ಒಪ್ಪಿಕೊಂಡಿದ್ದೇನೆ.

ಹೋರಾಟವೂ ಬೇಡ, ಶರಣಾಗತಿಯೂ ಬೇಡ

ಹಂಬಲ ಬಂದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ: ಅದಕ್ಕೆ ಮಣಿಯುತ್ತೇವೆ, ಇಲ್ಲವೇ ಅದನ್ನು ಅದುಮುತ್ತೇವೆ. ಅದುಮುವುದು ಫಲಿಸುವುದು ಕಷ್ಟ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ ವಿದ್ಯಾರ್ಥಿಗಳಿಗೆ, "ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ" ಎಂದು ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ನೆನೆಯಬಹುದು ಎಂದು ಆಮೇಲೆ ಅನುಮತಿ ಕೊಟ್ಟಾಗ, ಮೊದಲು ಅದುಮಿಟ್ಟವರಿಗೆ ಆ ಕರಡಿ ಇನ್ನೂ ಹೆಚ್ಚು ನೆನಪಾಯಿತು. "ಇನ್ನು ಮೇಲೆ ಸಿಹಿಯನ್ನು ಮುಟ್ಟುವುದೇ ಇಲ್ಲ" ಎಂಬ ಪ್ರತಿಜ್ಞೆಯ ಗತಿಯೂ ಬಹುಮಟ್ಟಿಗೆ ಹೀಗೆಯೇ. ಪ್ರತಿಜ್ಞೆ ಮುರಿದ ದಿನ, "ಹೇಗೂ ವ್ರತಭಂಗವಾಯಿತು, ಇನ್ನೊಂದು ಲಡ್ಡು ತಿಂದರೇನು?" ಎನ್ನುವ ಮಾತು ನಮ್ಮೆಲ್ಲರಿಗೂ ಪರಿಚಿತ.

ಮೂರನೆಯ ದಾರಿಯೊಂದಿದೆ. ಅದು ಗಮನಿಸುವುದು. ಈ ದಾರಿ ಹೊಸದಲ್ಲ. ಬೌದ್ಧರ ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗವಿದೆ. ಕೋಸಲದ ಅರಸ ಪ್ರಸೇನಜಿತನು ಕೊಳಗಗಟ್ಟಲೆ ಅನ್ನವನ್ನು ಉಣ್ಣುವವನು. ಒಂದು ದಿನ ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನು. ಬುದ್ಧನು ಅವನನ್ನು ಹಳಿಯಲಿಲ್ಲ, ಉಪವಾಸವನ್ನು ವಿಧಿಸಲಿಲ್ಲ. ಎಚ್ಚರದಿಂದಿದ್ದು ಊಟದ ಅಳತೆಯನ್ನು ಅರಿತವನ ಬಾಧೆಗಳು ಕಡಿಮೆಯಾಗುತ್ತವೆ, ಮುಪ್ಪು ಮೆಲ್ಲನೆ ಬರುತ್ತದೆ ಎಂಬ ಅರ್ಥದ ಒಂದು ಗಾಥೆಯನ್ನಷ್ಟೇ ಹೇಳಿದನು. ಅರಸನು ಸುದರ್ಶನನೆಂಬ ತರುಣನಿಗೆ ಅದನ್ನು ಕಲಿತುಕೊಂಡು ತನ್ನ ಪ್ರತಿ ಊಟದ ಹೊತ್ತಿಗೂ ಹೇಳುವಂತೆ ಆಜ್ಞಾಪಿಸಿ, ದಿನಕ್ಕೆ ನೂರು ನಾಣ್ಯಗಳ ಸಂಬಳವನ್ನು ಗೊತ್ತುಮಾಡಿದನು. ದಿನಗಳೆದಂತೆ ಅವನ ಊಟ ಕ್ರಮವಾಗಿ ಇಳಿದು ಒಂದು ಸಣ್ಣ ಅಳತೆಗೆ ನಿಂತಿತು, ಮೈ ಹಗುರವಾಯಿತು. ಇಲ್ಲಿ ಗಮನಿಸಬೇಕಾದದ್ದು ಅರಸನ ಜಾಣ್ಮೆ. ಉಣ್ಣುವಾಗ ತನಗೆ ಎಚ್ಚರ ತಪ್ಪುತ್ತದೆ ಎಂದು ತಿಳಿದು, ಎಚ್ಚರಿಸುವುದಕ್ಕೆ ಒಬ್ಬನನ್ನು ನೇಮಿಸಿಕೊಂಡನು.

ಪಾಲಿಯಲ್ಲಿ ಆ ಎಚ್ಚರಕ್ಕೆ 'ಸತಿ' ಎಂದು ಹೆಸರು. ಸಂಸ್ಕೃತದ 'ಸ್ಮೃತಿ' ಅದೇ ಮಾತು. ಕನ್ನಡದಲ್ಲಿ 'ಸಾವಧಾನ' ಎನ್ನಬಹುದು. ಜೈನರಲ್ಲಿ ಹೊಟ್ಟೆಯನ್ನು ಸ್ವಲ್ಪ ಬರಿದಾಗಿಯೇ ಉಳಿಸಿಕೊಳ್ಳುವ 'ಅವಮೌದರ್ಯ' ಒಂದು ತಪಸ್ಸೆಂದು ಗಣ್ಯವಾಗಿದೆ. ಜಠರದ ಎರಡು ಪಾಲನ್ನು ಅನ್ನಕ್ಕೂ ಒಂದು ಪಾಲನ್ನು ನೀರಿಗೂ ಕೊಟ್ಟು ಉಳಿದ ಪಾಲನ್ನು ಬರಿದಾಗಿ ಬಿಡಬೇಕೆಂದು ಅಷ್ಟಾಂಗಹೃದಯ ವಿಧಿಸುತ್ತದೆ. ನಮ್ಮೂರಿನ ಮನೆಗಳನ್ನೇ ನೋಡಿ. ಒಬ್ಬರು ಎಲೆಯ ಸುತ್ತ ನೀರು ಬಿಟ್ಟು ಕೈಮುಗಿಯುತ್ತಾರೆ, ಇನ್ನೊಬ್ಬರು ಬಿಸ್ಮಿಲ್ಲಾ ಹೇಳುತ್ತಾರೆ, ಮತ್ತೊಬ್ಬರು ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸುತ್ತಾರೆ. ಮೊದಲ ತುತ್ತಿಗೆ ಮುನ್ನ ಒಂದು ಕ್ಷಣ ನಿಲ್ಲಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಮನೆಯ ಯಜಮಾನರು ಸಾಲಿನುದ್ದಕ್ಕೂ ನಡೆಯುತ್ತ, "ಸಾವಕಾಶ ಊಟ ಮಾಡಿ" ಎಂದು ಕೇಳಿಕೊಳ್ಳುವುದೂ ಇದೇ ಅರಿವಿನ ಒಂದು ರೂಪ.

ಇತ್ತೀಚಿನ ಕಾಲದಲ್ಲಿ ಇದನ್ನು ಚಿಕಿತ್ಸೆಗೆ ಅಳವಡಿಸಿದವರಿದ್ದಾರೆ. 1979ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಅವರು ಆರಂಭಿಸಿದ ತರಗತಿಗಳಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು ಮೊದಲ ಪಾಠವಾಗಿತ್ತು. ಕುಡಿತ ಮತ್ತು ಧೂಮಪಾನದ ಚಟಗಳನ್ನು ಅಭ್ಯಸಿಸಿದ ಆಲನ್ ಮಾರ್ಲಟ್ ಎಂಬ ಮನೋವಿಜ್ಞಾನಿ, ಬಯಕೆಯನ್ನು ಸಮುದ್ರದ ಅಲೆಗೆ ಹೋಲಿಸಿ, ಅದರ ಮೇಲೆ ತೇಲಲು ಕಲಿಸಿದರು. ಕಡಲ ತಡಿಯಲ್ಲಿ ಬೆಳೆದ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಎದುರು ನಿಂತು ಎದೆಯೊಡ್ಡಿದವನನ್ನು ಕೆಡವುತ್ತದೆ; ಅದರೊಡನೆ ಮೈಯನ್ನು ಎತ್ತಿಕೊಂಡವನ ಅಡಿಯಿಂದ ಸಾಗಿಹೋಗುತ್ತದೆ.

ನಾಲ್ಕು ಹೆಜ್ಜೆಗಳು

ನಾನು ಅಭ್ಯಾಸ ಮಾಡಿಕೊಂಡ ಕ್ರಮವನ್ನು ನಾಲ್ಕು ಹೆಜ್ಜೆಗಳಲ್ಲಿ ಹೇಳುತ್ತೇನೆ.

ಮೊದಲನೆಯದು, ನಿಲ್ಲುವುದು. ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಮೂರು ಸಲ ನಿಧಾನವಾಗಿ ಉಸಿರಾಡುವುದು. ತಿನ್ನಬಾರದೆಂಬ ತೀರ್ಮಾನವನ್ನು ಆಗ ಮಾಡಬೇಕಾಗಿಲ್ಲ.

ಎರಡನೆಯದು, ನೋಡುವುದು. ಕೊನೆಯ ಸಲ ಉಂಡದ್ದು ಯಾವಾಗ? ಹೊಟ್ಟೆಯಲ್ಲಿ ಏನಾಗುತ್ತಿದೆ? ಬಾಯಿ ಒಣಗಿದೆಯೇ? ಭುಜ ಬಿಗಿದಿದೆಯೇ? ಕಣ್ಣು ಉರಿಯುತ್ತಿದೆಯೇ?

ಮೂರನೆಯದು, ಹೆಸರಿಡುವುದು. ಇದು ಹಸಿವೋ, ಬಾಯಾರಿಕೆಯೋ, ದಣಿವೋ, ಬೇಸರವೋ, ಸಿಟ್ಟೋ, ಒಂಟಿತನವೋ? ಭಾಷೆಯನ್ನು ಕಲಿಸುವ ನಮಗೆ ಈ ಹೆಜ್ಜೆ ಬಹಳ ಹತ್ತಿರದ್ದು. ಕನ್ನಡವು ಭಾವನೆಗಳನ್ನು ಹೊಟ್ಟೆಯಲ್ಲಿಯೇ ಇರಿಸಿದೆ. ಅಸೂಯೆ ನಮಗೆ ಹೊಟ್ಟೆಕಿಚ್ಚು. ಸಂಕಟಕ್ಕೆ ಹೊಟ್ಟೆ ಉರಿಯುತ್ತದೆ. ಮರುಕಕ್ಕೆ ಕರುಳು ಚುರುಕ್ ಎನ್ನುತ್ತದೆ. ತಪ್ಪನ್ನು ಕ್ಷಮಿಸೆಂದು ಬೇಡುವಾಗ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಮನಸ್ಸಿನ ನೋವು ಹೊಟ್ಟೆಯಲ್ಲಿ ತಿಳಿಯುವುದೆಂಬುದನ್ನು ನಮ್ಮ ಹಿರಿಯರು ಮಾತಿನಲ್ಲಿಯೇ ಹುದುಗಿಸಿ ಇಟ್ಟಿದ್ದಾರೆ. ಉರಿಯುವ ಹೊಟ್ಟೆಗೂ ಹಸಿದ ಹೊಟ್ಟೆಗೂ ವ್ಯತ್ಯಾಸ ತಿಳಿಯದೆ ಎರಡಕ್ಕೂ ಚಕ್ಕುಲಿಯನ್ನೇ ಹಾಕುವುದು ನಮ್ಮ ತಪ್ಪು.

ನಾಲ್ಕನೆಯದು, ಆಯ್ದುಕೊಳ್ಳುವುದು. ಹಸಿವಾಗಿದ್ದರೆ ಕುಳಿತು, ಬಟ್ಟಲಿಗೆ ಬಡಿಸಿಕೊಂಡು, ನೆಮ್ಮದಿಯಿಂದ ಉಣ್ಣಬೇಕು. ದಣಿವಾದರೆ ಹತ್ತು ನಿಮಿಷ ಕಾಲು ಚಾಚಬೇಕು. ಒಂಟಿತನವಾದರೆ ಮಕ್ಕಳಿಗೋ ಅಕ್ಕನಿಗೋ ಫೋನು ಮಾಡಬೇಕು. ನೋಡಿದ ಮೇಲೂ ಆ ತಿಂಡಿಯೇ ಬೇಕೆನಿಸಿದರೆ ಸ್ವಲ್ಪ ತಿನ್ನಬಹುದು. ಆದರೆ ತಟ್ಟೆಗೆ ಹಾಕಿಕೊಂಡು, ಕುಳಿತು, ರುಚಿಯನ್ನು ತಿಳಿಯುತ್ತ ತಿನ್ನಬೇಕು. ಗಮನವಿಟ್ಟು ತಿಂದ ಆರು ತುಂಡು ಚಿಪ್ಸು ನನಗೆ ಕೊಟ್ಟ ಸಂತೋಷವನ್ನು ಬಸ್ಸಿನಲ್ಲಿ ಬರಿದಾದ ನೂರು ಪೊಟ್ಟಣಗಳು ಕೊಟ್ಟಿರಲಿಲ್ಲ. ಏಳನೆಯ ತುಂಡು ಅಷ್ಟು ರುಚಿಸುವುದಿಲ್ಲ ಎಂಬ ಸಂಗತಿಯೂ ಆಗಲೇ ನನಗೆ ತಿಳಿದದ್ದು.

ಇದು ಪ್ರತಿ ಸಲ ಸಾಧಿಸುವುದಿಲ್ಲ. ನನಗೆ ಈಗಲೂ ತಪ್ಪುತ್ತದೆ. ತಪ್ಪಿದ ದಿನ ತನ್ನನ್ನು ಬೈದುಕೊಳ್ಳಬಾರದು. ಬೈಗುಳದಿಂದ ಹುಟ್ಟುವ ನಾಚಿಕೆಯೇ ಮುಂದಿನ ಪೊಟ್ಟಣವನ್ನು ಒಡೆಸುತ್ತದೆ. ಮಗು ಕಾಗುಣಿತ ತಪ್ಪಿದಾಗ ಒಳ್ಳೆಯ ಅಧ್ಯಾಪಕರು ಹೇಗೆ ತಿದ್ದಿ ಮುಂದಕ್ಕೆ ಸಾಗುತ್ತಾರೋ ಹಾಗೆಯೇ ಇಲ್ಲಿಯೂ ಸಾಗಬೇಕು.

ತರಗತಿಯಲ್ಲಿ

ಮಕ್ಕಳಿಗೆ ಇದನ್ನು ಉಪದೇಶದಿಂದ ಕಲಿಸಲಾಗದು. ಭಾಷಾ ತರಗತಿಗೆ ಹೊಂದುವ ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. ಪ್ರತಿ ಮಗುವಿಗೂ ಒಂದು ತುಂಡು ನೆಲ್ಲಿಕಾಯಿ ಕೊಡಿ. ಮೊದಲು ನೋಡಲಿ, ಬಣ್ಣ, ಗೆರೆ, ಹೊಳಪುಗಳನ್ನು ಹೇಳಲಿ. ಮೂಸಲಿ. ಬಾಯಿಗಿಟ್ಟು ಮಾತಾಡದೆ ಮೆಲ್ಲಗೆ ಅಗಿಯಲಿ. ಹುಳಿ ಬಂತು, ಒಗರು ಬಂತು. ಈಗ ಒಂದು ಗುಟುಕು ನೀರು ಕುಡಿಯಲಿ. ಸಿಹಿ! ಆ ಕ್ಷಣದಲ್ಲಿ ಮಕ್ಕಳ ಮುಖವನ್ನು ನೀವು ನೋಡಬೇಕು. ಬಳಿಕ ಅನುಭವವನ್ನು ಐದು ವಾಕ್ಯಗಳಲ್ಲಿ ಬರೆಯಲಿ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಆಡುವ ಮಕ್ಕಳು ತಮ್ಮ ಮನೆಮಾತಿನಲ್ಲಿ ಒಗರಿಗೆ ಏನೆನ್ನುತ್ತಾರೆಂದು ಕೇಳಿ, ಕರಿಹಲಗೆಯ ಮೇಲೆ ಎಲ್ಲವನ್ನೂ ಕನ್ನಡದ ಪಕ್ಕದಲ್ಲಿ ಬರೆಯಿರಿ. ಶಬ್ದಸಂಪತ್ತೂ ಬೆಳೆಯುತ್ತದೆ, ಗಮನವೂ ಬೆಳೆಯುತ್ತದೆ. ಉಪವಾಸ ವ್ರತದಲ್ಲಿರುವ ಮಕ್ಕಳಿದ್ದರೆ ಬೇರೊಂದು ದಿನವನ್ನು ಆರಿಸಿಕೊಳ್ಳಿ. ಹಾಗೆಯೇ 'ಈ ಹೊತ್ತು ನನ್ನ ಮನಸ್ಸು' ಎಂಬ ಒಂದು ಸಾಲಿನ ಬರವಣಿಗೆಯನ್ನು ವಾರಕ್ಕೊಮ್ಮೆ ಮಾಡಿಸಿದರೆ, ಭಾವನೆಗೆ ಹೆಸರಿಡುವ ಅಭ್ಯಾಸ ಬಾಲ್ಯದಲ್ಲಿಯೇ ಕುದುರುತ್ತದೆ.

ಮಾಡಬಾರದ ಕೆಲವು ಸಂಗತಿಗಳೂ ಇವೆ. ಉತ್ತರ ಸರಿಯಾದರೆ ಮಿಠಾಯಿ ಕೊಡುವುದು, ತಪ್ಪಿದರೆ ತಿಂಡಿ ತಡೆಯುವುದು ಬೇಡ. ಅದರಿಂದ ಮಗು ಗೆಲುವಿಗೂ ಸೋಲಿಗೂ ತಿನಿಸನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತದೆ. ದಪ್ಪಗಿರುವ ಮಗುವಿನ ಮೈಯನ್ನಾಗಲಿ, ಸಣಕಲಾಗಿರುವ ಮಗುವಿನ ಮೈಯನ್ನಾಗಲಿ, ಬುತ್ತಿಯಲ್ಲಿ ಏನಿದೆ ಎಂಬುದನ್ನಾಗಲಿ ಎಲ್ಲರೆದುರು ಆಡಿಕೊಳ್ಳುವುದು ಬೇಡ. ತಟ್ಟೆಯಲ್ಲಿ ಉಳಿಸಿದ ಮಗುವಿಗೆ "ಮುಗಿಸದೆ ಏಳಬಾರದು" ಎಂದು ಗದರಿಸುವುದಕ್ಕಿಂತ ಮೊದಲೇ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಕೇಳಲು ಕಲಿಸುವುದು ಮೇಲು. ಸಾಕು ಎಂಬ ಮಾತನ್ನು ಮಗುವಿನ ಹೊಟ್ಟೆ ಹೇಳಬೇಕು.

ಇದರ ಎಲ್ಲೆ

ಸಾವಧಾನದಿಂದ ಎಲ್ಲವೂ ಪರಿಹಾರವಾಗುತ್ತದೆಂದು ನಾನು ಹೇಳಲಾರೆ. ಅಡಗಿ ಕುಳಿತು ಅತಿಯಾಗಿ ತಿನ್ನುವುದು, ತಿಂದುದನ್ನು ಬೇಕೆಂದೇ ವಾಂತಿ ಮಾಡುವುದು, ವಾರಗಟ್ಟಲೆ ಊಟ ಬಿಡುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಕುಗ್ಗಿಹೋಗುವುದು ಕಂಡುಬಂದರೆ ಅದು ವೈದ್ಯರ, ಮನೋವೈದ್ಯರ ನೆರವು ಬೇಕಾದ ಸ್ಥಿತಿ. ಅದು ಅಧ್ಯಾಪಕರಿಗೂ ಆಗಬಹುದು, ಹದಿವಯಸ್ಸಿನ ವಿದ್ಯಾರ್ಥಿಗಳಿಗೂ ಆಗಬಹುದು. ನೆರವು ಕೇಳುವುದರಲ್ಲಿ ಅವಮಾನವಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಕೈಕಾಲು ನಡುಕ, ಬೆವರು, ಕಣ್ಣುಕತ್ತಲೆಯೊಡನೆ ಥಟ್ಟನೆ ಹಸಿವಾದರೆ ಅದು ರಕ್ತದಲ್ಲಿ ಸಕ್ಕರೆ ಇಳಿದಿರುವ ಲಕ್ಷಣವಾಗಿರಬಹುದು. ಆಗ ಉಸಿರನ್ನು ಗಮನಿಸುತ್ತ ಕೂರದೆ ಕೂಡಲೇ ಸಕ್ಕರೆಯನ್ನೋ ಬೆಲ್ಲವನ್ನೋ ಸೇವಿಸಬೇಕು.

ಎಲ್ಲಕ್ಕಿಂತ ದೊಡ್ಡ ಎಲ್ಲೆಯನ್ನು ಕೊನೆಗೆ ಹೇಳುತ್ತೇನೆ. ಹಸಿದ ಮಗುವಿಗೆ ಮನೋನಿಗ್ರಹದ ಪಾಠ ಬೇಡ, ಅನ್ನ ಬೇಕು. ಹಂಬಲವನ್ನು ಗಮನಿಸಿ ಎಂದು ಹೇಳುವ ಹಕ್ಕು ನಮಗೆ ಬರುವುದು ಅವರ ಹಸಿವನ್ನು ಗಮನಿಸಿದ ಮೇಲೆ.

ಆ ಹುಡುಗನ ವಿಷಯವನ್ನು ಮುಗಿಸಿಬಿಡುತ್ತೇನೆ. ಮುಂದಿನ ಸೋಮವಾರ ನಾನು ಅವನ ಬಳಿಗೆ ಹೋಗಿ, "ಅಂದು ನಾನು ಹಾಗೆ ಹೇಳಬಾರದಾಗಿತ್ತು ಮಗೂ, ತಪ್ಪಾಯಿತು" ಎಂದೆ. ಅವನು ತಲೆಯೆತ್ತಲಿಲ್ಲ. ಸಾಲಿನ ಕೊನೆಯಲ್ಲಿಯೇ ನಿಂತ. ಅಡುಗೆಯಕ್ಕ ಏನೂ ತಿಳಿಯದವರ ಹಾಗೆ ಅವನ ಬಟ್ಟಲಿಗೆ ಮೊದಲ ಸಲವೇ ಎರಡರಷ್ಟು ಅನ್ನ ಬಡಿಸಿದರು. ಮತ್ತೆ ಕೇಳಲು ಬರಬೇಕಾದ ಕಷ್ಟವನ್ನು ಅವರು ಅವನಿಗೆ ಉಳಿಸಿದರು. ಆ ವರ್ಷವೆಲ್ಲ ಸೋಮವಾರಗಳಂದು ಒಂದು ಸೇರು ಅಕ್ಕಿಯನ್ನು ಹೆಚ್ಚಿಗೆ ಹಾಕಿಸುವುದನ್ನು ನಾವಿಬ್ಬರೂ ರೂಢಿಮಾಡಿಕೊಂಡೆವು. ಸೋಮವಾರದಂದು ಹಾಗೆ ಉಣ್ಣುವ ಮಕ್ಕಳು ಅವನೊಬ್ಬನೇ ಅಲ್ಲ ಎಂಬುದು ಆಮೇಲೆ ತಿಳಿಯಿತು.

ಮಿತ್ರರೇ, ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಮೊದಲ ಸೋಮವಾರದ ಊಟದ ಹೊತ್ತಿಗೆ ಮಕ್ಕಳ ಬಟ್ಟಲುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಬಳಿಕ ನೀವೂ ಕುಳಿತು, ನಿಮ್ಮ ಬಟ್ಟಲನ್ನು ಅಷ್ಟೇ ಗಮನದಿಂದ ನೋಡಿ ಉಣ್ಣಿ. ಇದೋ, ಊಟದ ಗಂಟೆಯಾಯಿತು. ಇಂದಿನ ಊಟಕ್ಕೆ ಸಂಘಟಕರು ಒಂದು ಗಂಟೆಯ ಬಿಡುವು ಕೊಟ್ಟಿದ್ದಾರೆ. ಐದು ನಿಮಿಷಗಳಲ್ಲಿ ಮುಗಿಸಬೇಡಿ. ಸಾವಕಾಶ ಊಟ ಮಾಡಿ.